ದಿಕುಮೆಗೆ ಕೇಳಿಸುವ ಪಿಕಪ್

ಮಾರ್ಚ್ 6, ಭಾನುವಾರ

ಬೇಸ್ ಗಿಟಾರು ಇವತ್ತು ಹಾಡಿನ ನಡುವೆ ಕೈಕೊಟ್ಟಿತು. ಸೋಪೊ ಅಮ್ಮನ ಮೀನಿನ ಹೋಟೆಲಿನ ಅಂಗಳ, ಮಧ್ಯಾಹ್ನದ ಮೂರನೇ ಹಾಡು, ಬೆಂಚುಗಳ ತುಂಬ ಜನ. ಸಣ್ಣ ತಂತಿ ಎರಡೂ ಇದ್ದಕ್ಕಿದ್ದಂತೆ ಸೋತುಹೋದವು. ನಾನು ಎಷ್ಟು ಗಟ್ಟಿಯಾಗಿ ಎಳೆದರೂ ಪಿಸುಮಾತಿನಷ್ಟೇ ಬರುತ್ತಿತ್ತು. ನಮ್ಮ ಮೇಳದ ಯಜಮಾನ ಎಕಾಂಬಿ ಮಾಮ ತನ್ನ ಗಿಟಾರು ನಿಲ್ಲಿಸದೆ ಮೈಕಿನಲ್ಲೇ ಹೇಳಿದ: "ಕುಣೀಲಾರದವಳು ಅಂಗಳ ಡೊಂಕು ಅಂದಳಂತೆ. ನಮ್ಮ ಎನಂಗಾ ಈಗ ಗಿಟಾರ್ ಕೆಟ್ಟಿದೆ ಅಂತಾಳೆ ನೋಡಿ." ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಮನೆಗೆ ಬಂದು ಬಿಚ್ಚಿ ನೋಡಿದೆ. ತಂತಿಗಳ ಕೆಳಗೆ ಕೂತು ಅವುಗಳ ದನಿ ಹಿಡಿಯುವ ಪಿಕಪ್ ಎರಡು ತುಂಡು; ಒಂದು ದಪ್ಪ ತಂತಿಗಳಿಗೆ, ಒಂದು ಸಣ್ಣವಕ್ಕೆ. ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರವನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಸಣ್ಣವುಗಳ ತುಂಡಿನಲ್ಲಿ ತಾಮ್ರ ಹಸಿರುಗಟ್ಟಿದೆ. ನಮ್ಮ ಬಂದರಿನ ಊರು ದುವಾಲಾದ ಉಪ್ಪುಗಾಳಿ ಯಾವ ಲೋಹವನ್ನು ಬಿಟ್ಟಿದೆ.

ನನ್ನ ಗಂಡ ದಿಕುಮೆ ಕೆಲಸಕ್ಕೆ ಹೋಗಿ ಇವತ್ತಿಗೆ ಹದಿನಾಲ್ಕು ತಿಂಗಳು. ಗಬೋನಿನ ಪೋರ್-ಜಾಂತಿಯಲ್ಲಿ, ಹಡಗೆಳೆಯುವ ಟಗ್ ಬೋಟಿನ ಎಂಜಿನ್ ಕೋಣೆಯಲ್ಲಿದ್ದಾನೆ. ಕರಾರು ಎರಡು ವರ್ಷದ್ದು. ಹಾಸಿಗೆಯ ಅವನ ಬದಿಯಲ್ಲಿ ಹೊಲಿಯಬೇಕಾದ ಬಟ್ಟೆಗಳನ್ನು ಪೇರಿಸಿಟ್ಟಿದ್ದೇನೆ, ಖಾಲಿ ಕಾಣದಿರಲಿ ಎಂದು.

ಮಾರ್ಚ್ 9, ಬುಧವಾರ

ಹೊಲಿದ ಎರಡು ಕಾಬಾ ನಿಲುವಂಗಿಗಳನ್ನು ಗಿರಾಕಿಗೆ ಕೊಟ್ಟು, ಹಾಗೇ ಎಂಬೊಪ್ಪಿ ಮಾರುಕಟ್ಟೆಗೆ ಹೋದೆ. ಅಲ್ಲಿ ಚೂಮಿ ಎಂಬವನು ಸುಟ್ಟ ಫ್ಯಾನುಗಳಿಗೆ ತಾಮ್ರ ಸುತ್ತಿಕೊಡುತ್ತಾನೆ. ಪಿಕಪ್ಪನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಇಷ್ಟೇನಾ? ಇದು ಇಲಿಮರಿ ಫ್ಯಾನು."

"ಇದು ತಿರುಗಲ್ಲಪ್ಪ."

"ತಿರುಗದೆ ಇರೋದು ಇನ್ನೂ ಸುಲಭ. ಫ್ಯಾನಾದರೇನು, ಗಿಟಾರಾದರೇನು, ತಾಮ್ರ ತಾಮ್ರವೇ ಅಲ್ವಾ ಅಕ್ಕಾ? ಮುಂದಿನ ವಾರ ಬಾ."

ಮಾರ್ಚ್ 16, ಬುಧವಾರ

ಚೂಮಿ ಸುತ್ತಿಕೊಟ್ಟದ್ದನ್ನು ಜೋಡಿಸಿದರೆ ಜೇನುಗೂಡಿಗೆ ಕೋಲು ಹಾಕಿದ ಹಾಗೆ ಗುಂಯ್ ಎಂದಿತು. ಈ ಎರಡು ತುಂಡುಗಳಲ್ಲಿ ಒಂದನ್ನು ಬಲಕ್ಕೆ ಸುತ್ತಿದರೆ ಇನ್ನೊಂದನ್ನು ಎಡಕ್ಕೆ ಸುತ್ತಬೇಕು. ಆಗ ಒಂದರಲ್ಲಿ ಹುಟ್ಟುವ ಕರೆಂಟಿನ ಗುಂಯ್‌ಗುಡುವಿಕೆಯನ್ನು ಇನ್ನೊಂದು ಹೊಡೆದುಹಾಕುತ್ತದೆ. ಚೂಮಿ ಕೈಯ ಅಭ್ಯಾಸದಂತೆ ಬಲಕ್ಕೇ ಸುತ್ತಿಟ್ಟಿದ್ದ. ಹದಿನೆಂಟು ವರ್ಷದಿಂದ ಬಲಕ್ಕೇ ಸುತ್ತಿದವನು ಪಾಪ. ಅವನ ಮುಖ ಹುಳ್ಳಗಾಯಿತು. ಎಲ್ಲ ಬಿಚ್ಚಿ ಮತ್ತೆ ಸುತ್ತಲು ಕೂತ, ಪ್ರತಿ ನೂರು ಸುತ್ತಿಗೊಮ್ಮೆ "ಎಡ, ಎಡ" ಎಂದು ತನಗೇ ಹೇಳಿಕೊಳ್ಳುತ್ತ.

ಮಾರ್ಚ್ 20, ಭಾನುವಾರ

ಹಳೆಯ ದನಿ ಮರಳಿತು. ದಪ್ಪ, ತಾಳೆಣ್ಣೆಯ ಹಾಗೆ ಮಂದ. ಎಕಾಂಬಿ ಮಾಮ ಏನೂ ಅನ್ನಲಿಲ್ಲ, ಅಂದರೆ ಮೆಚ್ಚಿದ. ಫೋನಿನಲ್ಲಿ ನಮ್ಮ ಹಾಡುಗಾರ್ತಿ ಡೀನಾಳ ಒಂದು ಹಾಡು ರೆಕಾರ್ಡ್ ಮಾಡಿ ದಿಕುಮೆಗೆ ಕಳಿಸಿದೆ. ಸಂಜೆ ಅವನು ಬರೆದ: "ಡೀನಾ ಹಾಡಿದ್ದು ಚೆನ್ನಾಗಿರಬೇಕು. ನೀನು ಎಲ್ಲಿದ್ದೀಯ ಇದರಲ್ಲಿ?"

ಕೋಪ ಬಂತು. ಆಮೇಲೆ ನನ್ನ ಫೋನಿನಲ್ಲಿ ನಾನೇ ಹಾಕಿ ಕೇಳಿದೆ. ಡೀನಾಳ ದನಿ ಇದೆ, ಮಾಮನ ಗಿಟಾರಿದೆ, ಡ್ರಮ್ಮಿದೆ, ಸೋಪೊ ಅಮ್ಮ ಯಾರನ್ನೋ ಬೈಯುವುದೂ ಇದೆ. ನಾನಿಲ್ಲ. ಫೋನಿನ ಆ ಸಾಸಿವೆಯಷ್ಟು ಸ್ಪೀಕರಿಗೆ ದಪ್ಪ ದನಿ ಹಿಡಿಸುವುದಿಲ್ಲ. ಹದಿನಾಲ್ಕು ತಿಂಗಳು ವಾರಕ್ಕೊಂದರಂತೆ ಕಳಿಸಿದ ಹಾಡುಗಳಲ್ಲಿ ನಾನೇ ಇರಲಿಲ್ಲ.

ಬಹಳ ಹೊತ್ತು ಅತ್ತೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮಾರ್ಚ್ 23, ಬುಧವಾರ

ಚೂಮಿಗೆ ಹೇಳಿದೆ, ಫೋನಿನಲ್ಲಿ ಹಾದುಹೋಗುವ ಪಿಕಪ್ ಬೇಕು ಎಂದು.

"ಗಂಡನಿಗೆ ಕೇಳಿಸಲಿ ಅಂತ ಗಿಟಾರಿನ ಹೊಟ್ಟೆ ಕುಯ್ಯೋ ಹೆಂಗಸನ್ನ ಇವತ್ತೇ ನೋಡಿದ್ದು."

"ನಿನ್ನ ಹೆಂಡತಿ ಏನು ಮಾಡ್ತಾಳೆ?"

"ಅವಳಿಗೆ ಪಿಕಪ್ ಬೇಡಮ್ಮಾ. ಕೂಗಿದರೆ ಹೊಳೆ ಆಚೆಗೂ ಕೇಳಿಸುತ್ತೆ."

ಮೇಜಿನ ಮೇಲೆ ಆಯ್ಕೆಗಳನ್ನು ಹರವಿದ. ಒಂದು, ನೈಜೀರಿಯಾದ ಆಬಾದಿಂದ ಬಂದ ಬಳಸಿದ ಜೋಡಿ, ಗಡಸು ಆಯಸ್ಕಾಂತದ್ದು. ಇನ್ನೊಂದು, ಬ್ಯಾಟರಿ ಹಾಕುವ ಹೊಸದು. ಅದು ಅವನ ಗೆಳೆಯನದು, ನೋಡಲಿಕ್ಕಷ್ಟೇ ತಂದಿದ್ದ. ಮೂರನೆಯದು ಇನ್ನೂ ಹುಟ್ಟಿಲ್ಲ, ಅವನೇ ಸುತ್ತುತ್ತಾನಂತೆ. ಸುತ್ತು ಹೆಚ್ಚಾದಷ್ಟೂ ದನಿ ದಪ್ಪ, ಕಡಿಮೆಯಾದಷ್ಟೂ ತಿಳಿ. ಎಷ್ಟು ಕಡಿಮೆ ಮಾಡಿದರೆ ಫೋನಿಗೆ ಹಿಡಿಸುತ್ತದೆ ಎಂಬುದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಏಪ್ರಿಲ್ 3, ಭಾನುವಾರ

ಪರೀಕ್ಷೆಯ ದಾರಿ ಕಂಡುಕೊಂಡಿದ್ದೇವೆ. ನಾನು ಚೂಮಿಗೆ ಕರೆ ಹಚ್ಚಿಟ್ಟು ಅಂಗಡಿಯಲ್ಲಿ ನುಡಿಸುವುದು, ಅವನು ತನ್ನ ಫೋನನ್ನು ಕಿವಿಗಿಟ್ಟುಕೊಂಡು ಓಣಿಯ ತುದಿಗೆ, ಪಾತ್ರೆ ಬಡಿಯುವವರ ನಡುವೆ ಹೋಗಿ ನಿಲ್ಲುವುದು. ಕೇಳಿಸಿದರೆ ಕೈ ಎತ್ತಬೇಕು. ಆಬಾದ ಜೋಡಿಗೆ ಕೈ ಎತ್ತಿದ, ಆದರೆ ಮುಖ ಕಿವುಚಿಕೊಂಡಿದ್ದ. ತಗಡು ಕೆರೆದ ಹಾಗಿತ್ತಂತೆ. ಬ್ಯಾಟರಿಯದು ಚೆನ್ನಾಗಿಯೇ ಹೊರಟಿತು, ಎರಡನೇ ಸಾಲಿನಲ್ಲಿ ಬ್ಯಾಟರಿ ಸತ್ತಿತು. ಹಾಗೆ ನಡುದಾರಿಯಲ್ಲಿ ಬಿಟ್ಟುಹೋಗುವುದನ್ನು ನಂಬಿ ಬಾಳಲಾರೆ.

ಏಪ್ರಿಲ್ 10, ಭಾನುವಾರ

ದಿಕುಮೆ ದಡಕ್ಕೆ ಬಂದಿದ್ದ, ಫೋನ್ ಮಾಡಿದ. ಐದು ಸಲ "ಏನು? ಏನು?" ಎಂದ. ಗಬೋನಿನ ನೆಟ್‌ವರ್ಕಿಗೆ ಬೆಂಕಿ ಬೀಳಲಿ. "ಊಟ ಏನು ಮಾಡಿದೆ?" ಎಂದರೆ "ನಾಳೆ ಸಂಜೆ" ಎಂದ. "ನಿನ್ನ ನೆನಪಾಗುತ್ತೆ ಕಣೋ, ಹಾಸಿಗೆ ಕಡಿಯುತ್ತೆ" ಎಂದೆ. "ಹೌದೌದು, ಇಲ್ಲೂ ಮಳೆ" ಎಂದ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಮುಂದಿನ ಸಲ ಬರೆದೇ ಕಳಿಸು, ಅದೇ ಸುಲಭ ಎಂದು ಹೇಳಿ ಇಟ್ಟ.

ಮೊದಲು ಹೀಗಿರಲಿಲ್ಲ. ಮೊದಲು ನಾನು ಉಸಿರು ಬಿಟ್ಟರೂ "ಯಾಕೆ ನಿಟ್ಟುಸಿರು?" ಎಂದು ಕೇಳುತ್ತಿದ್ದ.

ಏಪ್ರಿಲ್ 20, ಬುಧವಾರ

ಹಳೆಯದು ಹತ್ತು ಸಾವಿರ ಸುತ್ತಿನದು. ಎಂಟೂವರೆ ಸಾವಿರಕ್ಕೆ ಚೂಮಿ ಕೈ ಎತ್ತಲಿಲ್ಲ. ಏಳು ಸಾವಿರಕ್ಕೆ ಓಣಿಯ ತುದಿಯಿಂದ ಓಡಿಯೇ ಬಂದ. "ಬಂದ್ಳು! ಎನಂಗಾ ಬಂದ್ಳು!" ಎಂದು ಕಿರುಚಿದ. ಪಾತ್ರೆ ಬಡಿಯುವವರು ಯಾರು ಬಂದರೆಂದು ತಿರುಗಿ ನೋಡಿದರು.

ಒಂದೇ ತೊಂದರೆ. ಈ ಜೋಡಿಯಲ್ಲಿ ಕೆಳಗಿನ ದನಿಗಳಿಗೆ ಮೈಯೇ ಇಲ್ಲ. ನಾನು ಎಷ್ಟೋ ವರ್ಷದಿಂದ ಕೂತ ಜಾಗದಲ್ಲಿ ಈಗ ಕೂರಲಾಗುವುದಿಲ್ಲ, ಮೇಲಿನ ಸಣ್ಣ ಸ್ವರಗಳಿಗೆ, ಹಾಡುವವರ ದನಿ ಓಡಾಡುವ ಕಡೆಗೆ ಹೋಗಬೇಕು. ಹೋಗುತ್ತೇನೆ. ಅವನಿಗೆ ಕೇಳಿಸಿದರೆ ಸಾಕು.

ಏಪ್ರಿಲ್ 24, ಭಾನುವಾರ

ಮಾಮ ಕೆಂಡವಾದ. "ಬೇಸ್ ಅಂದ್ರೆ ಮನೆ ಅಡಿಪಾಯ. ಅಡಿಪಾಯ ಎದ್ದು ಅಂಗಳಕ್ಕೆ ಬಂದು ಕುಣಿಯುತ್ತೇನಮ್ಮಾ?"

"ಒಂದು ವಾರ ಕುಣೀಲಿ ಮಾಮ."

"ಮನೆ ಬಿದ್ದರೆ ನೀನೇ ಕಟ್ಟಿಕೊಡು."

ಮೀನು ಸುಡುವವನು ನನ್ನ ಕಡೆ ಬಾಯಿ ಬಿಟ್ಟು ನಿಂತು ಎರಡು ಮೀನು ಕರಿಕು ಮಾಡಿದ. ಸೋಪೊ ಅಮ್ಮ ಅವನ್ನು ನನ್ನ ತಟ್ಟೆಗೇ ಹಾಕಿ, "ನೀನು ಸುಟ್ಟಿದ್ದು, ನೀನೇ ತಿನ್ನು" ಎಂದಳು. ತಿಂದೆ. ಮಿಯೊಂಡೊ ಮರಗೆಣಸಿನ ಕಡುಬಿನ ಜೊತೆಗೆ ಚೆನ್ನಾಗಿಯೇ ಇತ್ತು.

ರೆಕಾರ್ಡು ಕಳಿಸಿ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಉತ್ತರ ಬಂತು: "ಕೇಳಿಸಿತು. ತುಂಬಾ ಚೆನ್ನಾಗಿತ್ತು."

ಕೇಳಿಸಿತು! ಸಂತೋಷಕ್ಕೆ ಗಿರಾಕಿಯ ಅಂಗಿಯ ಒಂದು ತೋಳನ್ನು ಒಳಹೊರಗು ಮಾಡಿ ಹೊಲಿದಿದ್ದೇನೆ. ನಾಳೆ ಬಿಚ್ಚಬೇಕು.

ಮೇ 8, ಭಾನುವಾರ

ವಾರದ ನಡುವೆಯೂ ಅಭ್ಯಾಸದ್ದನ್ನು ಕಳಿಸುತ್ತೇನೆ, ಇದುವರೆಗೆ ಏಳು. ಏಳಕ್ಕೂ "ಕೇಳಿಸಿತು. ತುಂಬಾ ಚೆನ್ನಾಗಿತ್ತು." ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯದರಲ್ಲಿ ನಾನು ಅವನಿಗೆಂದೇ, ನಮ್ಮ ಮದುವೆಯ ದಿನ ಅವನ ಚಿಕ್ಕಮ್ಮಂದಿರು ಹಾಡಿದ್ದನ್ನು ನಡುವೆ ನುಡಿಸಿದ್ದೆ. ಅದಕ್ಕೂ ಅದೇ.

ದೂರದ ಅಕ್ವಾ ಬಡಾವಣೆಯ ಕಡೆಯಿಂದಲೂ ಜನ ಬರುತ್ತಿದ್ದಾರೆ, ಬೆಂಚು ಸಾಲುತ್ತಿಲ್ಲ ಎಂದು ಡೀನಾ ಹೇಳುತ್ತಿದ್ದಳು. ಮಾಮ ನನ್ನನ್ನು ಡ್ರಮ್ಮಿನ ಪಕ್ಕದಿಂದ ಎಬ್ಬಿಸಿ ಮುಂದೆ, ಡೀನಾಳ ಪಕ್ಕದಲ್ಲಿ ನಿಲ್ಲಿಸಿದ್ದಾನೆ. ಕಣ್ಣಳತೆಯಲ್ಲಿರಲಿ ಎಂದಂತೆ. ಅದಿರಲಿ. ಮದುವೆಯ ಹಾಡು ದಿಕುಮೆಗೆ ಗುರುತು ಸಿಗಲಿಲ್ಲವೇ?

ಮೇ 22, ಭಾನುವಾರ

ಮೊದಲ ಹಾಡಿನ ನಾಲ್ಕನೇ ತಾಳಕ್ಕೆ ಕರೆಂಟು ಹೋಯಿತು. ಫೋನು ರೆಕಾರ್ಡ್ ಮಾಡುತ್ತಲೇ ಇತ್ತು; ಗಮನಿಸದೆ ಅದನ್ನೇ ಕಳಿಸಿದೆ. ಅದರಲ್ಲಿರುವುದು ತಟ್ಟೆಗಳ ಸದ್ದು, ಒಂದು ನಾಯಿ, "ಜನರೇಟರ್ ಹಾಕಿರೋ ಸೋಮಾರಿಗಳಾ" ಎಂಬ ಸೋಪೊ ಅಮ್ಮನ ಕೂಗು. ಹಾಡು ಇಲ್ಲವೇ ಇಲ್ಲ.

ಉತ್ತರ ಬಂತು: "ಕೇಳಿಸಿತು. ತುಂಬಾ ಚೆನ್ನಾಗಿತ್ತು."

ಮೇ 23, ಸೋಮವಾರ

ಡೀನಾಗೆ ಹೇಳಬಾರದಿತ್ತು, ಹೇಳಿದೆ. "ಕೋಣನ ಮುಂದೆ ಕಿನ್ನರಿ ಬಾರಿಸ್ತಿದ್ದೀಯ ಅಕ್ಕಾ. ಅವನು ತೆಗೆದೂ ನೋಡಿಲ್ಲ. ಪೋರ್-ಜಾಂತಿಯಲ್ಲಿ ಹೆಂಗಸರಿಗೇನು ಬರವಾ?" ಎಂದಳು. ಅವಳ ಜೊತೆ ಜಗಳವಾಡಿದೆ. ಜಗಳವಾಡಿದ್ದು ಯಾಕೆಂದರೆ ನನಗೂ ಅದೇ ತೋಚಿತ್ತು.

ಮೇ 25, ಬುಧವಾರ

ಏನೂ ಹೊಲಿಯಲಿಲ್ಲ.

ಮೇ 29, ಭಾನುವಾರ

ಇವತ್ತು ರೆಕಾರ್ಡ್ ಮಾಡಲಿಲ್ಲ. ಸಿಟ್ಟಿನಲ್ಲಿ ನುಡಿಸಿದೆ. ಮೂರನೇ ಹಾಡಿನಲ್ಲಿ ಬೆರಳು ಮೇಲೆ ಮೇಲೆ ಹೋಗಿ, ಅಲ್ಲಿಂದ ಕೆಳಗಿಳಿಯುವುದನ್ನೇ ಮರೆಯಿತು. ಗೊತ್ತಿಲ್ಲದ ಓಣಿಯೊಳಗೆ ಹೊಕ್ಕು, ಅದು ಇನ್ನೊಂದು ಬೀದಿಗೆ ತೆರೆದುಕೊಂಡ ಹಾಗಿತ್ತು. ನೋಡಿದರೆ ಮಾಮ ಗಿಟಾರು ನಿಲ್ಲಿಸಿದ್ದ, ಡೀನಾ ಹಾಡು ನಿಲ್ಲಿಸಿ ಫೋನು ಎತ್ತಿ ಹಿಡಿದಿದ್ದಳು, ಡ್ರಮ್ಮೊಂದೇ ನನ್ನ ಜೊತೆಗಿತ್ತು. ಎಷ್ಟು ಹೊತ್ತೋ. ಮುಗಿದಾಗ ಜನ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು.

ಮನೆಗೆ ಬಂದಾಗ ಹಸಿವಾಗಿತ್ತು. ಎಂಡೊಲೆ ಸೊಪ್ಪಿನ ಸಾರು ಮಾಡಿಕೊಂಡು ಹೊಟ್ಟೆ ತುಂಬ ಉಂಡೆ. ದಿಕುಮೆಯ ನೆನಪು ಬಂದದ್ದು ಕೈ ತೊಳೆಯುವಾಗ.

ಜೂನ್ 14, ಮಂಗಳವಾರ

ಬಂದಿದ್ದಾನೆ. ಹೇಳದೆ ಕೇಳದೆ, ಒಂದು ಚೀಲ ಹೊತ್ತುಕೊಂಡು, ಮಧ್ಯಾಹ್ನದ ಮಳೆಯಲ್ಲಿ ಬಾಗಿಲಲ್ಲಿ ನಿಂತಿದ್ದ. ನಾನು ಹೊಲಿಗೆ ಯಂತ್ರ ತುಳಿಯುತ್ತಲೇ "ಯಾವಳಾದ್ರೂ ಬಿಟ್ಟು ಕಳಿಸಿದಳಾ?" ಎಂದೆ. ಮೂರು ವಾರ ಕಟ್ಟಿಟ್ಟಿದ್ದ ಮಾತು. ಅವನು ನನ್ನ ತುಟಿಯನ್ನೇ ನೋಡುತ್ತ ನಗುತ್ತಿದ್ದ.

ಆಗ ಗೊತ್ತಾಯಿತು. ಎದ್ದು ಹೋಗಿ ಅವನ ಎರಡೂ ಕಿವಿಗಳ ಮೇಲೆ ಕೈಯಿಟ್ಟೆ.

ಕಂಪನಿಯ ಡಾಕ್ಟರು ಅವನನ್ನು ಒಂದು ಗೂಡಿನಲ್ಲಿ ಕೂರಿಸಿ, ಶಿಳ್ಳೆ ಕೇಳಿಸಿದರೆ ಕೈ ಎತ್ತು ಅಂದರಂತೆ. ಇವನು ಕಾಯುತ್ತ ಕೂತನಂತೆ, ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡು. ಅಷ್ಟರಲ್ಲಿ ಮುಗಿದಿತ್ತು, ಪರೀಕ್ಷೆಯೂ, ಕೆಲಸವೂ.

"ಯಾವಾಗಿನಿಂದ?" ಎಂದು ಕೈಸನ್ನೆ ಮಾಡಿ ಕೇಳಿದೆ.

"ಒಂದು ವರ್ಷ ಆಯ್ತೇನೋ. ಎಂಜಿನ್ ಕೋಣೆ ಅಲ್ವಾ. ಮೊದಲು ಹಕ್ಕಿಗಳು ಹೋದ್ವು. ಆಮೇಲೆ ಮಕ್ಕಳ ದನಿ. ಆಮೇಲೆ ಹೆಂಗಸರದು. ಎಂಜಿನ್ನು, ಲಾರಿ, ಗುಡುಗು, ಇವು ಇನ್ನೂ ಇವೆ."

"ನಾನು ಕಳಿಸಿದ್ದು?" ಫೋನು ತೋರಿಸಿದೆ.

ತಲೆ ತಗ್ಗಿಸಿದ. "ಕಿವಿಗೆ ಒತ್ತಿ ಹಿಡ್ಕೋತಿದ್ದೆ. ಮುಗಿಯೋವರೆಗೂ. ಆಮೇಲೆ ಚೆನ್ನಾಗಿತ್ತು ಅಂತ ಬರೀತಿದ್ದೆ. ಅದು ಸುಳ್ಳಲ್ಲ ಕಣೇ. ಅಷ್ಟು ಹೊತ್ತು ಚೆನ್ನಾಗೇ ಇರ್ತಿತ್ತು ನನಗೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಫೋನಿಗೆ ಸಣ್ಣ ದನಿ ಮಾತ್ರ, ಇವನ ಕಿವಿಗೆ ದಪ್ಪ ದನಿ ಮಾತ್ರ. ನಡುವೆ ನಾನು ಏಳು ಸಾವಿರ ಸುತ್ತು ಸುತ್ತಿಸಿಕೊಂಡು ಕೂತಿದ್ದೆ. ಇಬ್ಬರೂ ತಬ್ಬಿಕೊಂಡು ಅತ್ತೆವು. ಹಾಸಿಗೆಯ ಮೇಲಿನ ಬಟ್ಟೆಗಳನ್ನು ಕುರ್ಚಿಗೆ ಎತ್ತಿಹಾಕಿದೆ.

ಜೂನ್ 15, ಬುಧವಾರ

ಬೆಳಗ್ಗೆಯೇ ಚೂಮಿಯ ಬಳಿ ಓಡಿ, ಹತ್ತು ಸಾವಿರದ ಹಳೆಯ ಜೋಡಿಯನ್ನೇ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಆಂಪ್ಲಿಫೈಯರನ್ನು ಅವನ ಕುರ್ಚಿಯ ಪಕ್ಕ ಇಟ್ಟು ದಪ್ಪ ತಂತಿಯಲ್ಲಿ ನಿಧಾನವಾಗಿ ಶುರು ಮಾಡಿದೆ. ದಿಕುಮೆ ಕಣ್ಣು ಮುಚ್ಚಿದ.

"ಇದಪ್ಪಾ," ಎಂದ. "ಇದು ನೀನು."

ಇಡೀ ಮಧ್ಯಾಹ್ನ ಎದ್ದೇಳಲೇ ಇಲ್ಲ. ಹದಿನೇಳು ತಿಂಗಳು ನಾನು ಬೇಡಿಕೊಂಡದ್ದು ಇದೊಂದನ್ನೇ. ದೇವರು ಕೊಟ್ಟಿದ್ದಾನೆ.

ಜೂನ್ 18, ಶನಿವಾರ

ದಿನವೂ ನುಡಿಸುತ್ತೇನೆ, ದಿನವೂ ಕೇಳುತ್ತಾನೆ. ಕೈ ಮಾತ್ರ ಮತ್ತೆ ಮತ್ತೆ ಮೇಲೆ ಹೋಗುತ್ತದೆ. ಹಳೆಯ ಪಿಕಪ್ಪಿನಲ್ಲಿ ಅಲ್ಲಿ ಬರಿ ಹತ್ತಿ, ಕಂಬಳಿ ಹೊದ್ದು ಮಾತಾಡಿದ ಹಾಗೆ. ಇವತ್ತು ಅರ್ಧಕ್ಕೇ ನಿಲ್ಲಿಸಿದೆ. "ಯಾಕೆ?" ಎಂದ. ಕೈ ನೋವು ಎಂದೆ.

ಕೈ ನೋಯುತ್ತಿರಲಿಲ್ಲ. ಗಂಡ ಎದುರಿಗೇ ಕೂತಿದ್ದಾನೆ, ಮುಟ್ಟಿದರೆ ಸಿಗುತ್ತಾನೆ, ಆದರೂ ನನಗೆ ಆ ಮೇ ತಿಂಗಳ ದನಿ ಬೇಕು ಬೇಕು ಅನ್ನಿಸುತ್ತಿದೆ. ಅವನಿಗಾಗಿ ಹಂಬಲಿಸಿದ್ದಷ್ಟೇ ಅದಕ್ಕಾಗಿ ಹಂಬಲಿಸುತ್ತಿದ್ದೇನೆ. ಎಂಥ ಹೆಂಗಸು ನಾನು.

ಜೂನ್ 19, ಭಾನುವಾರ

ಹಳೆಯದರಲ್ಲೇ ನುಡಿಸಿದೆ. ದಿಕುಮೆ ಮುಂದಿನ ಬೆಂಚಿನಲ್ಲಿದ್ದ. ಮೂರು ಹಾಡಾದ ಮೇಲೆ ಮಾಮ ಹತ್ತಿರ ಬಂದು, "ಅಡಿಪಾಯ ಭದ್ರವಾಗಿದೆ ತಾಯಿ. ಮನೆ ಎಲ್ಲಿ ಹೋಯ್ತು?" ಎಂದ. ಮೊದಲು ಬೈದವನೂ ಇವನೇ.

ಜನ ಮೀನು ತಿಂದು, ಕೈ ತೊಳೆದು ಹೋದರು. ದಿಕುಮೆ ನನ್ನನ್ನು ನೋಡಿದ್ದಕ್ಕಿಂತ ಅವರನ್ನು ನೋಡಿದ್ದೇ ಹೆಚ್ಚು. ಡೀನಾ ನಮ್ಮ ಜೊತೆ ಸೇತುವೆಯವರೆಗೂ ಬಂದಳು. ಕೋಣ ಅಂದಿದ್ದಕ್ಕೆ ನಾಚಿಕೆಯಾಗಿರಬೇಕು, ಅವನ ಚೀಲ ಹೊತ್ತುಕೊಂಡಿದ್ದಳು.

ಜೂನ್ 25, ಶನಿವಾರ

ಸಂಜೆ ನಾಲ್ಕರ ಹೊತ್ತಿಗೆ ದಿಕುಮೆ ಹೊರಗಿನಿಂದ ಬಂದು ನನ್ನ ಹೊಲಿಗೆ ಮೇಜಿನ ಮೇಲೆ ಜಾಗ ಮಾಡಿಕೊಂಡ. ಕತ್ತರಿ, ನೂಲು ಎಲ್ಲ ಪಕ್ಕಕ್ಕೆ. ಜೇಬಿನಿಂದ ಬೆಸುಗೆ ಹಾಕುವ ಕಡ್ಡಿ ತೆಗೆದ, ಚೂಮಿಯದು. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಏಳು ಸಾವಿರದ ಜೋಡಿ.

"ಇದನ್ನ ಯಾಕೆ ತಂದೆ?" ಎಂದು ಅವನ ಮುಖದೆದುರು ನಿಂತು ಕೇಳಿದೆ.

"ಡೀನಾ ಫೋನಲ್ಲಿ ಒಂದು ವಿಡಿಯೋ ತೋರಿಸಿದಳು. ಮೇ ಕೊನೇದಂತೆ. ಜನ ತಟ್ಟೆ ಹಿಡ್ಕೊಂಡು ಕಂಬದ ಹಾಗೆ ನಿಂತಿದ್ರು."

"ಅದು ಆ ದಿನ ಏನೋ..."

"ನಿನ್ನ ಮುಖ ನೋಡಿದೆ. ಹದಿನಾರು ವರ್ಷ ಆಯ್ತು ಮದುವೆಯಾಗಿ. ಆ ಮುಖ ನಾನು ನೋಡೇ ಇರಲಿಲ್ಲ."

"ನಿನಗೆ ಕೇಳಿಸಲ್ಲ ದಿಕುಮೆ."

"ಗೊತ್ತು."

"ಒಂದು ಸ್ವರಾನೂ ಕೇಳಿಸಲ್ಲ. ನಿನಗೋಸ್ಕರ ಹಳೇದು ಹಾಕಿಸಿದ್ದೀನಿ."

"ಗೊತ್ತು ಅಂದ್ನಲ್ಲ ಕಣೇ. ಕಿವುಡ ನಾನೋ, ನೀನೋ?"

ಬೇಡ ಎನ್ನಬೇಕಿತ್ತು. ನಿನಗೆ ಕೇಳಿಸುವುದೇ ಮುಖ್ಯ ಎನ್ನಬೇಕಿತ್ತು. ಗಿಟಾರನ್ನು ಗೋಡೆಯಿಂದ ತೆಗೆದು ಅವನ ಮುಂದೆ ಮಲಗಿಸಿದೆ.

ತಂತಿ ಸಡಿಲಿಸಿದ, ತಿರುಪು ಬಿಚ್ಚಿದ, ಹಳೆಯ ಜೋಡಿಯನ್ನು ಎತ್ತಿ ಪಕ್ಕಕ್ಕಿಟ್ಟ. ಬಿಳಿ ವೈರು, ಕರಿ ವೈರು. ಯಾವುದು ಎಲ್ಲಿಗೆ ಎಂದು ಹುಬ್ಬಿನಲ್ಲೇ ಕೇಳಿದ, ನಾನು ಬೆರಳಿಟ್ಟು ತೋರಿಸಿದೆ. ಹೊಗೆ ಎದ್ದಿತು. ದೀಪ ಹಿಡಿದಿದ್ದ ನಾನು ಅವನ ಮುಖವನ್ನೇ ನೋಡುತ್ತ ಬೆಳಕನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದೆ. "ನೆಟ್ಟಗೆ ಹಿಡಿಯೇ" ಎಂದು ಬೈದ. ಬೆಸುಗೆ ಆರುವವರೆಗೂ ಅದರ ಮೇಲೆ ಮೆಲ್ಲಗೆ ಊದುತ್ತ ಕೂತಿದ್ದ.

ಆಮೇಲೆ ಗಿಟಾರನ್ನು ನನ್ನ ಕೈಗಿತ್ತು, "ನುಡಿಸು, ಸರಿಯಾಗಿ ಕೂತಿದೆಯಾ ನೋಡೋಣ" ಎಂದು ಕುರ್ಚಿ ಎಳೆದುಕೊಂಡು ನನ್ನೆದುರು ಕೂತ.

ಮೇಲಿನಿಂದಲೇ ಶುರು ಮಾಡಿದೆ. ಅವನು ನನ್ನ ಮುಖವನ್ನೇ ನೋಡುತ್ತ ತಲೆ ಆಡಿಸತೊಡಗಿದ. ತಾಳ ತಪ್ಪುತ್ತಿತ್ತು. ನಾನು ನಿಲ್ಲಿಸಲಿಲ್ಲ.